ಫೇರೋನ ಗೋರಿಯಲ್ಲಿ ಬಿಜಾಪುರದ ಕೂಗು

ಹೊಸ ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ಒಂದು ಚಪ್ಪಾಳೆ ತಟ್ಟುವುದು ನನ್ನ ಚಾಳಿ. ನೀವು ನಗಬಹುದು. ನನ್ನ ಮೊಮ್ಮಗಳು ನಗುವುದಿಲ್ಲ, ನಾಚಿಕೆಯಿಂದ ಕುಗ್ಗಿಹೋಗುತ್ತಾಳೆ. ಮೊನ್ನೆ ಜಲನಗರದಲ್ಲಿ ಹೊಸದಾಗಿ ತೆರೆದ ಹಲ್ಲಿನ ದವಾಖಾನೆಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಇನ್ನೂ ಬಣ್ಣದ ವಾಸನೆ ಆರಿರಲಿಲ್ಲ. ಎತ್ತರದ ಛಾವಣಿ, ಖಾಲಿ ಗೋಡೆ, ಜನರೂ ಇಲ್ಲ. ನನ್ನ ಎರಡೂ ಕೈ ನನ್ನ ಅಪ್ಪಣೆಗೆ ಕಾಯದೆ ಫಟ್ಟನೆ ಸೇರಿದವು. ಒಳಗಿನಿಂದ ಕಂಪೌಂಡರ್ ಓಡಿ ಬಂದ.

"ಏನ್ ಬಿತ್ರೀ ಅಜ್ಜಾರ?"

"ಏನೂ ಬಿದ್ದಿಲ್ಲೋ ತಮ್ಮಾ. ನಿಮ್ಮ ಹಾಲ್‌ನ್ಯಾಗ ಧ್ವನಿ ತಿರುಗಿ ಬರ್ತೈತೋ ಇಲ್ಲೋ ಅಂತ ನೋಡಿದ್ನಿ."

ಅವನು ನನ್ನ ಹಲ್ಲು ಬಿಟ್ಟು ತಲೆಯ ಕಡೆ ನೋಡತೊಡಗಿದ. ಮೊಮ್ಮಗಳು, "ಅಜ್ಜಾ, ಇನ್ನ ಮ್ಯಾಲೆ ನಿನ್ನ ಜೋಡಿ ಎಲ್ಲೂ ಬರಂಗಿಲ್ಲ ನಾ," ಎಂದು ದೂರದ ಕುರ್ಚಿ ಹಿಡಿದಳು.

ತಪ್ಪು ನನ್ನದಲ್ಲ ಎಂಬುದು ನನ್ನ ವಾದ. ಈ ವಾದ ನನಗೆ ಹುಟ್ಟಿನಿಂದಲೇ ಒಗ್ಗಿದ್ದು. ತಪ್ಪು ಊರಿನದು. ಬಿಜಾಪುರದ ಭೂತನಾಳ ಕೆರೆಯ ನೀರು ಕುಡಿದವರೆಲ್ಲ ಹೀಗೆಯೇ. ಗೋಳಗುಮ್ಮಟದ ನೆರಳಲ್ಲಿ ಬೆಳೆದವನಿಗೆ ದೊಡ್ಡ ಛಾವಣಿ ಕಂಡರೆ ಸುಮ್ಮನಿರಲು ಬರುವುದಿಲ್ಲ. ಅದರ ಕೆಳಗೆ ನಿಂತು ತನ್ನ ಹೆಸರನ್ನೋ ಗೆಳೆಯನ ಹೆಸರನ್ನೋ ಕೂಗಬೇಕು, ಅದು ಏಳು ಸಲ ತಿರುಗಿ ಬರಬೇಕು, ಆಮೇಲೆಯೇ ಆ ಕಟ್ಟಡ ಕಟ್ಟಿದವನಿಗೆ ಭೇಷ್ ಅನ್ನಬೇಕು.

ನಾನು ಮೊದಲ ಸಲ ಗುಮ್ಮಟ ಹತ್ತಿದ್ದು ಆರೇಳು ವರ್ಷದವನಿದ್ದಾಗ. ಬಬಲೇಶ್ವರದಿಂದ ಮನೆಮಂದಿಯೆಲ್ಲ ರೊಟ್ಟಿಯ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿದ್ದೆವು. ಮೇಲಿನ ಪಡಸಾಲೆಯಲ್ಲಿ ಗೈಡು ಕಡ್ಡಿ ಗೀರಿದ, ಕಾಗದ ಹರಿದ, ಅಷ್ಟು ದೂರದ ಗೋಡೆಯ ಹತ್ತಿರ ನಿಂತ ನಮಗೆ ಅದು ಕಿವಿಯಲ್ಲೇ ಹರಿದಂತೆ ಕೇಳಿಸಿತು. ಎಲ್ಲರೂ ದಣಿದು ಗೋಡೆಗೆ ಒರಗಿ ಕೂತರು. ಆಗ ನನ್ನ ಚಿಗವ್ವ ಅವ್ವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: "ನಮ್ಮ ಅತ್ತಿ ಬಡಿಯೂ ರೊಟ್ಟಿ ಹಾಸಗಲ್ಲಿನಂಗ ಇರ್ತಾವ ನೋಡಕ್ಕಾ, ಹಲ್ಲ ಮುರೀತಾವ." ಚಿಗವ್ವನ ಅತ್ತೆ ಮೊಣಕಾಲು ನೋವೆಂದು ಪಡಸಾಲೆಯ ಆಚೆ ದಂಡೆಗೆ ಕೂತಿದ್ದರು. ಒಂದು ಗಳಿಗೆ ಬಿಟ್ಟು ನಮ್ಮ ಬೆನ್ನಹಿಂದಿನ ಕಲ್ಲೇ ಮಾತಾಡಿತು: "ನಾಳಿಂದ ನೀನ ಬಡಿ ಬೇ." ಕೆಳಗಿನ ಗೋರಿಯಿಂದ ಬಾದಶಹನೇ ಎದ್ದನೆಂದು ನಾನು ಅಳಲು ಶುರುಮಾಡಿದೆ. ಚಿಗವ್ವನಿಗೂ ಅಳುವೇ ಬಂದಿತ್ತು, ಆದರೆ ಬೇರೆ ಕಾರಣಕ್ಕೆ.

ಇರಲಿ. ನಾನು ಹೇಳಹೊರಟದ್ದು ಈಜಿಪ್ಟಿನ ಮಾತು. ಹೌದು, ಬಬಲೇಶ್ವರದ ನಾನು ಈಜಿಪ್ಟಿಗೆ ಹೋಗಿದ್ದೆ! ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಹತ್ತಿಯ ಎಳೆ ಅಳೆಯುವ ಕೆಲಸದಲ್ಲಿದ್ದೆ. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಹಿಂಜಿ, ಎಳೆ ಎಷ್ಟುದ್ದ, ಎಷ್ಟು ನಯ ಎಂದು ಹೇಳುವುದು ನನ್ನ ವಿದ್ಯೆ. ಜಗತ್ತಿನ ಉದ್ದನೆಯ ಎಳೆಯ ಹತ್ತಿ ನೈಲ್ ನದಿಯ ದಂಡೆಯದು. ಅದನ್ನು ಕಲಿತು ಬರಲೆಂದು ಮೂರು ತಿಂಗಳ ಮಟ್ಟಿಗೆ ಇಬ್ಬರನ್ನು ಕಳಿಸಿದರು. ಒಬ್ಬ ನಾನು. ಇನ್ನೊಬ್ಬ ತಿಕೋಟಾದ ದಸ್ತಗೀರ. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನ ಮಷೀನು ಯಾವುದೇ ಇರಲಿ, ಅದರ ಸದ್ದು ಕೇಳಿಯೇ ರೋಗ ಹೇಳುವ ಮನುಷ್ಯ. ವಯಸ್ಸಿನಲ್ಲಿ ಇಬ್ಬರೂ ಸಮ. ಆದರೂ ಅವನು ನನ್ನನ್ನು "ಗೌಡ್ರ" ಎಂದು ಬಹುವಚನದಲ್ಲೇ ಕರೆದು, ಅದೇ ಬಹುವಚನದಲ್ಲೇ ನನ್ನ ಕಾಲೆಳೆಯುತ್ತಿದ್ದ.

ಹಬ್ಬಕ್ಕೆಂದು ಮೂರು ದಿನ ರಜೆ ಸಿಕ್ಕಿತು. ಲಕ್ಸರ್ ಎಂಬ ಊರಿನಲ್ಲಿ ಸಾವಿರಾರು ವರ್ಷ ಹಳೆಯ ಗುಡಿಗಳೂ ರಾಜರ ಗೋರಿಗಳೂ ಇವೆ ಎಂದು ಕೇಳಿ ರೈಲು ಹತ್ತಿದೆವು. ಬೆಳಿಗ್ಗೆ ಇಳಿದು ಸ್ಟೇಷನ್ನಿನ ಹೊರಗೆ ಬಂದರೆ, ಎದುರಿಗೆ ಸಾಲಾಗಿ ಟಾಂಗಾಗಳು! ಕುದುರೆಯ ಕೊರಳಲ್ಲಿ ಗೆಜ್ಜೆ, ಲದ್ದಿಯ ವಾಸನೆ, ಗಿರಾಕಿಗಾಗಿ ಟಾಂಗಾದವರ ಜಗಳ.

"ಗೌಡ್ರ," ಎಂದ ದಸ್ತಗೀರ ಗಾಬರಿಯಿಂದ, "ರೈಲ್ ಉಲ್ಟಾ ಬಂದೈತ್ರಿ. ನಮ್ಮನ್ನ ಬಿಜಾಪುರಕ್ಕ ತಂದ್ ಬಿಟ್ಟಾರ."

ನಮ್ಮ ಯೋಜನೆ ಸರಳವಾಗಿತ್ತು. ಮೊದಲು ಒಂದು ಅಗ್ಗದ ಹೋಟೆಲ್ ಹುಡುಕುವುದು, ಹಲ್ಲುಜ್ಜಿ ಸ್ನಾನ ಮಾಡುವುದು, ಹೊಟ್ಟೆ ತುಂಬ ತಿನ್ನುವುದು, ಆಮೇಲೆ ಗುಡಿ-ಗೋರಿ. ಟಾಂಗಾ ಹತ್ತಿದೆವು. ಟಾಂಗಾದವನು ಹಿಂದಕ್ಕೆ ತಿರುಗಿ ಹರಕು ಇಂಗ್ಲಿಷಿನಲ್ಲಿ ಎಲ್ಲಿಯವರೆಂದು ಕೇಳಿದ. ಇಂಡಿಯಾ ಎಂದೆವು. ಇಂಡಿಯಾ ಒಳ್ಳೆಯದು ಎಂದು ತಲೆಯಾಡಿಸಿದ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ನಮ್ಮ ರಾಜ್ಯಕ್ಕೆ ಹೊಸ ಹೆಸರು ಬಂದು ಇನ್ನೂ ಎರಡು ಮೂರು ವರ್ಷವಾಗಿತ್ತಷ್ಟೆ. ಆ ಹೆಸರು ಹೇಳುವ ಅವಕಾಶವನ್ನು ನಾವು ಎಲ್ಲಿಯೂ ಬಿಡುತ್ತಿರಲಿಲ್ಲ. ದಸ್ತಗೀರ ಎದೆಯುಬ್ಬಿಸಿ, "ಕರ್ನಾಟಕ!" ಎಂದ.

"ಕರ್ನಾಕ್?" ಎಂದ ಟಾಂಗಾದವನು.

"ಕರ್ನಾಟಕ, ಕರ್ನಾಟಕ!" ಎಂದು ನಾನೂ ದನಿಗೂಡಿಸಿದೆ.

"ಕರ್ನಾಕ್, ಕರ್ನಾಕ್!" ಎಂದು ಅವನು ಖುಷಿಯಿಂದ ಚಾಟಿ ಬೀಸಿದ. ಕುದುರೆ ಊರ ಹೊರಗಿನ ದಾರಿ ಹಿಡಿಯಿತು. ನಾವು ಹೋಟೆಲ್ ಹೋಟೆಲ್ ಎಂದು ಅರಚಿಕೊಂಡಷ್ಟೂ ಅವನು, ಗೊತ್ತಿದೆ ಸುಮ್ಮನಿರಿ ಎಂಬಂತೆ ಕೈಯೆತ್ತಿ ಸಮಾಧಾನ ಹೇಳಿದ. ಕಡೆಗೆ ಟಾಂಗಾ ನಿಂತದ್ದು ಒಂದು ಮಹಾಗುಡಿಯ ಬಾಗಿಲಲ್ಲಿ. ಅಲ್ಲಿನ ಫಲಕ ಓದಿದ ಮೇಲೆ ನಮಗೆ ಬೆಳಕಾಯಿತು. ಆ ಗುಡಿಯ ಹೆಸರೇ ಕರ್ನಾಕ್! ನಮ್ಮ ರಾಜ್ಯದ ಹೆಸರಿನಿಂದ ಒಂದು ಅಕ್ಷರ ಯಾರೋ ಕದ್ದುಕೊಂಡು ಹೋಗಿ ಮೂರು ಸಾವಿರ ವರ್ಷದ ಹಿಂದೆಯೇ ಗುಡಿ ಕಟ್ಟಿಬಿಟ್ಟಿದ್ದರು.

ಹೀಗೆ, ಮುಖ ತೊಳೆಯದೆ, ಹೊಟ್ಟೆಗಿಲ್ಲದೆ, ಹಾಸಿಗೆಯ ಸುರುಳಿ ಹೆಗಲಿಗೇರಿಸಿ, ಇಬ್ಬರ ನಡುವೆ ಒಂದು ತಗಡಿನ ಟ್ರಂಕು ಹಿಡಿದುಕೊಂಡು ನಾವು ಈಜಿಪ್ಟಿನ ಅತಿ ದೊಡ್ಡ ಗುಡಿಯೊಳಗೆ ಪ್ರವೇಶ ಮಾಡಿದೆವು. ಬಾಗಿಲಲ್ಲಿ ಏಳೆಂಟು ಜನ ಬಿಳಿ ಪ್ರವಾಸಿಗರನ್ನು ಸುತ್ತ ನಿಲ್ಲಿಸಿಕೊಂಡು ಒಬ್ಬ ಮುದುಕ ಗೈಡು ಮಾತಾಡುತ್ತಿದ್ದರು. ಆರು ಅಡಿ ಎತ್ತರ, ಹುರಿಮೀಸೆ, ಕಾಲಿನವರೆಗೆ ನಿಲುವಂಗಿ, ತಲೆಗೆ ನಮ್ಮ ಕಡೆಯ ರುಮಾಲಿನ ಹಾಗೆ ಸುತ್ತಿದ ಬಟ್ಟೆ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ನಮ್ಮ ಟ್ರಂಕನ್ನು ನೋಡಿ ಅವರು ಮಾತು ನಿಲ್ಲಿಸಿ ಕೇಳಿದರು:

"ಸಂದೂಗ್?"

ದಸ್ತಗೀರ ಟ್ರಂಕನ್ನು ಧೊಪ್ಪನೆ ಕೆಳಗಿಟ್ಟ. "ಸಂದೂಕ!" ಎಂದ. "ಗೌಡ್ರ, ಕೇಳಿದ್ರ್ಯಾ? ಸಂದೂಕ ಅಂದ್ರು! ನಮ್ಮ ತಿಕೋಟಾದ ಮಾತ ಮಾತಾಡಾಕತ್ತಾರ!"

ಅಷ್ಟು ಸಾಕಾಯಿತು. ಟ್ರಂಕೂ ಹಾಸಿಗೆಯೂ ಬಾಗಿಲ ಕಾವಲುಗಾರನ ವಶಕ್ಕೆ ಹೋದವು, ನಾವು ಮುದುಕರ ವಶಕ್ಕೆ. ಆದರೆ ಒಂದು ಸಮಸ್ಯೆ. ಅಲ್ಲಿ ಕಂಡವರೆಲ್ಲ, ಕಾವಲುಗಾರರು, ಚಹಾ ಮಾರುವವರು, ಎಲ್ಲರೂ ಅವರನ್ನು "ಯಾ ಅಮ್ಮ್ ಮಹಮೂದ್" ಎಂದು ಕರೆಯುತ್ತಿದ್ದರು.

"ಇಷ್ಟ ದೊಡ್ಡ ಮೀಸಿ ಅದಾವ," ಎಂದು ದಸ್ತಗೀರ ನನ್ನ ಕಿವಿಯಲ್ಲಿ ಅಂದ. "ಇವರಿಗೆ ಅಮ್ಮಾ ಅಂತಾರಲ್ರಿ! ನಾವ್ ಏನಂತ ಕರೀಬೇಕ್ರಿ ಗೌಡ್ರ?"

ಮುದುಕರೇ ನಗುತ್ತ ಬಿಡಿಸಿ ಹೇಳಿದರು. ಅಮ್ಮ್ ಎಂದರೆ ಅಲ್ಲಿ ಅಪ್ಪನ ತಮ್ಮ, ಕಾಕಾ. ನಮಗೆ ಆ ಮೀಸೆಗೆ ಅಮ್ಮ ಎನ್ನಲು ನಾಲಿಗೆ ಹೊರಳಲಿಲ್ಲ, ಹಾಗಾಗಿ ದಸ್ತಗೀರ ಅವರನ್ನು ಚಾಚಾ ಮಾಡಿಕೊಂಡ. ನಾನೂ ಹಾಗೆಯೇ ಕರೆದೆ.

ಆ ಗುಡಿಯನ್ನು ಹೇಗೆ ವರ್ಣಿಸಲಿ? ನಮ್ಮ ಮನೆಯ ಮಂದಿಯೆಲ್ಲ ಕೈ ಹಿಡಿದು ಸುತ್ತುವರಿದರೂ ಒಂದು ಕಂಬ ತಬ್ಬಲು ಆಗದು. ಅಂಥ ಕಂಬ ನೂರಕ್ಕೂ ಹೆಚ್ಚು! ಕತ್ತೆತ್ತಿ ನೋಡಿದರೆ ತಲೆಯ ಮೇಲಿನ ಟೊಪ್ಪಿಗೆ ಹಿಂದೆ ಬಿತ್ತು. ದಸ್ತಗೀರ ಮಷೀನಿನ ಮನುಷ್ಯ. ಕ್ರೇನಿಲ್ಲ, ಚೈನಿಲ್ಲ, ಪುಲ್ಲಿಯಿಲ್ಲ, ಈ ಕಲ್ಲು ಮೇಲಕ್ಕೆ ಹೋದದ್ದು ಹೇಗೆ ಎಂದು ಚಾಚಾರ ಬೆನ್ನು ಹತ್ತಿದ. ಮಣ್ಣಿನ ದಿಬ್ಬ ಒಟ್ಟಿ, ಅದರ ಮೇಲೆ ಎಳೆದು, ಆಮೇಲೆ ಮಣ್ಣು ತೆಗೆದರು ಎಂದು ಚಾಚಾ ಹೇಳಿದಾಗ, ಇಷ್ಟು ಸುಲಭದ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿ ಬೇಜಾರಾಯಿತು. ನಾನು ಒಂದು ಗೋಡೆಯ ಮುಂದೆ ನಿಂತುಬಿಟ್ಟಿದ್ದೆ. ಅಲ್ಲಿ ಕೆತ್ತಿದ ರಾಜನ ಸೊಂಟದ ಬಟ್ಟೆಯ ನೆರಿಗೆಗಳು ಎಷ್ಟು ನವಿರಾಗಿದ್ದವೆಂದರೆ ನನ್ನ ಹೆಬ್ಬೆರಳುಗಳು ತಾವೇ ಎಳೆ ಹಿಂಜಲು ಹೋದವು. ಚಾಚಾ ಮೆಲ್ಲಗೆ ನನ್ನ ಕೈ ಸರಿಸಿ, ಮುಟ್ಟಬಾರದು ಎಂದು ಕಣ್ಣಲ್ಲೇ ಹೇಳಿದರು.

ಒಂದು ಕಂಬದ ನೆರಳಲ್ಲಿ ಕೂತು ಅವರು ಎದೆಯ ಮೇಲಿನ ಆ ಬಿಲ್ಲೆಗೆ ಬಾಯಿಂದ ಹಬೆ ಬಿಟ್ಟು ತೋಳಿನಿಂದ ಉಜ್ಜಿದರು. ಬೆಳಗಿನಿಂದ ಹತ್ತು ಸಲವಾದರೂ ಉಜ್ಜಿದ್ದರು. ನಲವತ್ತು ವರ್ಷದಿಂದ ಇದು ನನ್ನೆದೆಯ ಮೇಲಿದೆ ಎಂದರು. ಇದಿಲ್ಲದವನು ಈ ಗುಡಿಗಳಲ್ಲಿ ಒಬ್ಬರಿಗೂ ದಾರಿ ತೋರಿಸುವ ಹಾಗಿಲ್ಲ. ಇದಿರುವಷ್ಟು ದಿನ ನಾನು ಅಮ್ಮ್ ಮಹಮೂದ್, ಇದು ಹೋದ ದಿನ ನೆರಳು ಹುಡುಕುವ ಒಬ್ಬ ಮುದುಕ ಎಂದು ನಕ್ಕರು. ಅವರ ಇಂಗ್ಲಿಷು ನಮ್ಮ ಇಂಗ್ಲಿಷಿನಷ್ಟೇ ಹರಕು. ಅದಕ್ಕೇ ನಮಗೆ ಪೂರಾ ತಿಳಿಯುತ್ತಿತ್ತು.

ಮಧ್ಯಾಹ್ನ ಚಾಚಾ ಮತ್ತು ಆ ಬಿಳಿ ಪ್ರವಾಸಿಗರ ಜೊತೆ ನದಿ ದಾಟಿದೆವು. ರಾಜರ ಗೋರಿಗಳಿರುವುದು ಆಚೆ ದಂಡೆಯ ಗುಡ್ಡಗಳಲ್ಲಿ. ದೋಣಿಯಲ್ಲಿ ಚಾಚಾ ಬ್ರೆಡ್ಡಿನಂಥ ರೊಟ್ಟಿಯನ್ನೂ ಬೇಯಿಸಿದ ಕಾಳನ್ನೂ ಹಂಚಿದರು. ತಿನ್ನುತ್ತ ತಿನ್ನುತ್ತ ಒಂದು ಆಟ ಶುರುವಾಯಿತು. ದಸ್ತಗೀರ ಒಂದು ಮಾತು ಹೇಳುವುದು, ಅದು ಅಲ್ಲಿಯೂ ಇದ್ದರೆ ಇಬ್ಬರೂ ಅಂಗೈಗೆ ಅಂಗೈ ಬಡಿಯುವುದು. ಸಾಬೂನು! ಫಟ್. ಕುರ್ಸಿ! ಫಟ್. ದುಕಾನು! ಫಟ್. ವಕೀಲ, ಕಿತಾಬು, ಹಲ್ವಾ! ಫಟ್ ಫಟ್ ಫಟ್. ಬಿಳಿಯ ಹೆಂಗಸರು ಇದು ಯಾವ ಪೂಜೆ ಎಂದು ನೋಡುತ್ತಿದ್ದರು. ನಾನೂ ಬಬಲೇಶ್ವರದ ಸಂತೆಯಿಂದ ಒಂದೊಂದೇ ಮಾತು ನೆನಪಿಸಿಕೊಂಡು ಎಸೆದೆ. ಹುಟ್ಟಿದಾಗಿನಿಂದ ನಮ್ಮ ಮನೆಯವೇ ಎಂದುಕೊಂಡಿದ್ದ ಮಾತುಗಳಿಗೆ ಇಷ್ಟು ದೂರದಲ್ಲಿ ತವರುಮನೆ ಇದೆ ಎಂದು ತಿಳಿದು ನನಗೆ ರೋಮಾಂಚನವಾಯಿತು. ಇನ್ನೊಂದು ಗಂಟೆ ನದಿ ಅಗಲವಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಆಟದ ಅಮಲು ಇಳಿದಿರಲಿಲ್ಲ. ಗುಡ್ಡದ ಬುಡದಲ್ಲಿ ಚಾಚಾ ಎಲ್ಲರನ್ನೂ ನಿಲ್ಲಿಸಿ ಏನೋ ಎಚ್ಚರಿಕೆ ಹೇಳಿದರು. ಒಳಗೆ ಪಿಸುಮಾತು ಮಾತ್ರ, ಗದ್ದಲ ಮಾಡಿದರೆ ಸಾವಿರಾರು ವರ್ಷದ ಗಾರೆ ಉದುರೀತು ಎಂದು ಹೇಳಿದರಂತೆ. ನಾವಿಬ್ಬರೂ ಹಿಂದೆ ನಿಂತು, "ತಾರೀಖು" ಅನ್ನುವುದು ಅಲ್ಲಿಯೂ ಇದೆಯೋ ಇಲ್ಲವೋ ಎಂದು ವಾದಿಸುತ್ತಿದ್ದೆವು.

ಗೋರಿಯ ಬಾಯಿ ಚಿಕ್ಕದು. ಒಳಗೆ ಇಳಿಜಾರಿನ ಓಣಿ, ಇಳಿದಷ್ಟೂ ಇಳಿಯುತ್ತದೆ. ಗೋಡೆಯ ಮೇಲೆ ಚಿತ್ರಗಳು, ನಿನ್ನೆ ಬಳಿದು ಇವತ್ತು ಒಣಗಿದಷ್ಟು ಹೊಸದಾಗಿದ್ದವು. ಕೊನೆಗೆ ಓಣಿ ಮುಗಿದು ದೊಡ್ಡ ಕೋಣೆ ಬಂತು. ನಡುವೆ ಒಡೆದ ಕಲ್ಲಿನ ಪೆಟ್ಟಿಗೆ. ಮೇಲೆ ಕಮಾನಿನ ಛಾವಣಿ, ಕಡುನೀಲಿ, ಅದರುದ್ದಕ್ಕೂ ಮೈ ಚಾಚಿದ ಬಂಗಾರದ ಬಣ್ಣದ ಆಕಾಶದೇವಿ. ಸಂಜೆಗೆ ಸೂರ್ಯನನ್ನು ನುಂಗುತ್ತಾಳೆ, ಬೆಳಿಗ್ಗೆ ಮತ್ತೆ ಹೆರುತ್ತಾಳೆ ಎಂದು ಚಾಚಾ ಪಿಸುಗುಟ್ಟಿದರು. ಎಲ್ಲರೂ ಬಾಯಿ ತೆರೆದು ಮೇಲೆ ನೋಡಿದರು. ಉಸಿರಿನ ಸದ್ದೂ ಇಲ್ಲ.

ನಾನು ದಸ್ತಗೀರನನ್ನು ನೋಡಿದೆ, ದಸ್ತಗೀರ ನನ್ನನ್ನು ನೋಡಿದ. ಬಾಗಿದ ಛಾವಣಿ, ಕೆಳಗೆ ರಾಜನ ಗೋರಿ, ಸುತ್ತ ಮೌನ. ಬಿಜಾಪುರದವರಿಗೆ ಇದಕ್ಕಿಂತ ಹೆಚ್ಚಿನ ಆಮಂತ್ರಣ ಬೇಕೆ?

"ಹೊಡೀರಿ ಗೌಡ್ರ ಒಂದ," ಎಂದ ಅವನು.

ನನ್ನ ಗಂಟಲು ಸಾಮಾನ್ಯವಾದುದಲ್ಲ. ಹೊಲದ ಬಾವಿಯ ಹತ್ತಿರ ನಿಂತು ಕರೆದರೆ ರಸ್ತೆಯ ಮೇಲಿನ ಬಸ್ಸು ನಿಲ್ಲುತ್ತಿತ್ತು. ಎದೆ ತುಂಬ ಗಾಳಿ ತುಂಬಿಕೊಂಡೆ.

"ಓಹೋಽಽ ಬಬಲೇಶ್ವರಾಽಽ!"

ಏಳು ಸಲ ಬರಲಿಲ್ಲ. ಧ್ವನಿ ಒಮ್ಮೆ ಕೋಣೆಯೊಳಗೆ ಗುಡುಗಿ, ಓಣಿಗುಂಟ ಮೇಲಕ್ಕೆ ಓಡಿತು. ಒಬ್ಬ ಬಿಳಿಯ ಮುದುಕಿ ಛಾವಣಿ ಕುಸಿಯಿತೆಂದು ಕಿಟಾರನೆ ಕಿರುಚಿದಳು. ಯಾರದೋ ಕ್ಯಾಮೆರಾ ನೆಲಕ್ಕೆ ಬಿತ್ತು. ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ಮೇಲಕ್ಕೆ ಓಡಿದರು. ಹೊರಗೆ ಸೀಟಿಯ ಮೇಲೆ ಸೀಟಿ. ದೇವರ ದಯೆ, ಒಂದು ಚೂರು ಗಾರೆಯೂ ಬೀಳಲಿಲ್ಲ. ಆದರೆ ಕಾವಲುಗಾರರು ನಮ್ಮನ್ನೆಲ್ಲ ಹೊರಗೆ ಹೊರಡಿಸಿ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು.

ಅವತ್ತೇ ಅಲ್ಲಿಗೆ ಗುಡಿ-ಗೋರಿಗಳ ಉಸ್ತುವಾರಿಯ ಇನ್ಸ್‌ಪೆಕ್ಟರ್ ಸಾಹೇಬ ಬಂದಿರಬೇಕೆ! ಎಳೆಯ ವಯಸ್ಸು, ಇಸ್ತ್ರಿಯ ಪ್ಯಾಂಟು, ಕಪ್ಪು ಕನ್ನಡಕ. ಇಂಗ್ಲಿಷ್ ಬಾರದು. ಅವನು ಚಾಚಾರ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದ. ಚಾಚಾ ನಮ್ಮ ಕಡೆ ತಿರುಗಲೂ ಇಲ್ಲ. ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಿದರು. ಸಾಹೇಬ ಅಂಗೈ ಚಾಚಿದ. ಚಾಚಾ ಬಿಲ್ಲೆ ಬಿಚ್ಚಿ ಆ ಅಂಗೈಯಲ್ಲಿಟ್ಟರು.

ನನ್ನ ಪಕ್ಕದ ಕಾವಲುಗಾರನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಕೂಗಿದ್ದು ತಾನೇ ಎಂದು ಮಹಮೂದ್ ಒಪ್ಪಿಕೊಂಡಿದ್ದಾನೆ ಎಂದ. ನಿಮ್ಮ ಹೆಸರು ಬರೆದುಕೊಂಡರೆ ನಿಮ್ಮನ್ನು ದೇಶಕ್ಕೆ ವಾಪಸು ಕಳಿಸಿಯಾರು, ನೀವು ಅತಿಥಿಗಳು, ಅದಕ್ಕೆ. ಇನ್ನು ಅವನ ಕೆಲಸ ಹೋಯಿತು ಎಂದೂ ಹೇಳಿದ.

"ಗೌಡ್ರ," ಎಂದ ದಸ್ತಗೀರ ಸಣ್ಣ ದನಿಯಲ್ಲಿ.

ಸುಳ್ಳೇಕೆ ಹೇಳಲಿ, ಮೊದಲು ನನ್ನ ತಲೆಗೆ ಬಂದದ್ದು ನೆಪಗಳೇ. ಹೊಡಿ ಎಂದವನು ದಸ್ತಗೀರ. ಚಟ ಹತ್ತಿಸಿದವನು ಗುಮ್ಮಟ ಕಟ್ಟಿದ ಆದಿಲಶಾಹ. ಬಾಯಿಬಿಟ್ಟರೆ ತರಬೇತಿಯೂ ಹೋದೀತು, ಕೆಲಸವೂ ಹೋದೀತು, ಹಾರ ಹಾಕಿ ಬಸ್ಸು ಹತ್ತಿಸಿದ ಬಬಲೇಶ್ವರಕ್ಕೆ ಯಾವ ಮುಖ ಹೊತ್ತು ಹೋಗಲಿ? ಇಷ್ಟೆಲ್ಲ ಲೆಕ್ಕ ಹಾಕುತ್ತಿರುವಾಗ ಚಾಚಾರ ಕೈ ಮತ್ತೆ ಎದೆಯ ಹತ್ತಿರ ಹೋಯಿತು. ಉಜ್ಜಲೆಂದು ತೋಳು ಎತ್ತಿದರು. ಉಜ್ಜಲು ಅಲ್ಲಿ ಏನೂ ಇರಲಿಲ್ಲ.

ನನಗೆ ಗಂಟಿ ಮಲ್ಲಪ್ಪ ನೆನಪಾದ. ನಮ್ಮ ಬಬಲೇಶ್ವರದ ಶಾಲೆಯ ಸಿಪಾಯಿ, ವಯಸ್ಸಾದವನು. ಬೇವಿನ ಗಿಡಕ್ಕೆ ಕಟ್ಟಿದ ರೈಲುಹಳಿಯ ತುಂಡೇ ನಮ್ಮ ಗಂಟೆ, ಅದನ್ನು ಬಡಿಯುವುದು ಅವನ ಹೆಮ್ಮೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಒಂದು ಸಂತೆಯ ದಿನ, ಜಿಲೇಬಿಯ ವಾಸನೆ ತಾಳಲಾರದೆ, ಅವನು ನೀರು ತರಲು ಹೋದ ಹೊತ್ತು ನೋಡಿ ಒಂದು ತಾಸು ಮೊದಲೇ ಗಂಟೆ ಬಡಿದುಬಿಟ್ಟೆ. ಶಾಲೆಗೆ ಶಾಲೆಯೇ ಹೋ ಎಂದು ಓಡಿತು. ಮಾರನೆಯ ದಿನ ಹೆಡ್‌ಮಾಸ್ತರರು, "ಮಲ್ಲಪ್ಪಾ, ನಿನಗ ಗಡಿಯಾರ ನೋಡಾಕ ಬರೂದಿಲ್ಲ, ಇನ್ನ ಕಸಾ ಹೊಡಿ ಸಾಕು," ಎಂದು ಗಂಟೆಯ ಕೆಲಸ ಬೇರೆಯವನಿಗೆ ಕೊಟ್ಟರು. ಅವನು ನಾನಲ್ಲ ಎಂದು ಎರಡು ಸಲ ಹೇಳಿದ, ಮೂರನೆಯ ಸಲ ಹೇಳಲಿಲ್ಲ. ಆಮೇಲೆ ಗಂಟೆ ಬಡಿದಾಗಲೆಲ್ಲ ಅವನ ಕೈಯಲ್ಲಿನ ಕಸಬರಿಗೆ ಒಂದು ಗಳಿಗೆ ನಿಲ್ಲುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ನಾನು ದೊಡ್ಡವನಾದೆ. ಮಲ್ಲಪ್ಪ ಸತ್ತುಹೋದ.

ಸಾಲು ಬಿಟ್ಟು ಮುಂದೆ ಬಂದೆ. ಇಂಗ್ಲಿಷಿನಲ್ಲಿ ಹೇಳಬೇಕೆಂದಿದ್ದೆ. ಇಂಗ್ಲಿಷು ಹಾರಿಹೋಗಿತ್ತು. ಬಾಯಿಗೆ ಬಂದದ್ದು ನಮ್ಮೂರ ಮಾತೇ.

"ಸಾಹೇಬರ... ಗಲ್ತಿ. ಗಲ್ತಿ ನಂದರಿ."

ಸಾಹೇಬ ಕಪ್ಪು ಕನ್ನಡಕ ತೆಗೆದ. "ಗಲತೀ?" ಎಂದ. ಚಾಚಾ ತಲೆಯೆತ್ತಿದರು. ಅಲ್ಲಿಯ ಭಾಷೆಯಲ್ಲಿ ಗಲತ್ ಎಂದರೆ ತಪ್ಪು, ಗಲತೀ ಎಂದರೆ "ನನ್ನ ತಪ್ಪು" ಎಂದು ತುಸು ಹೊತ್ತಿಗೆ ಆ ಕಾವಲುಗಾರನಿಂದ ತಿಳಿಯಿತು. ನಮ್ಮ ಕಡೆ ಯಾರ ತಲೆಗೆ ಬೇಕಾದರೂ ಕಟ್ಟಬಹುದಾದ ಈ ಮಾತು ತವರಿನಲ್ಲಿ ಹೇಳಿದವನಿಗೇ ಅಂಟಿಕೊಳ್ಳುತ್ತದೆ. ನಂದರಿ ಅನ್ನುವುದು ಬೇಕಾಗಿಯೇ ಇರಲಿಲ್ಲ.

ಸಾಹೇಬ ನನ್ನೆದೆಗೆ ಬೆರಳು ತೋರಿಸಿ, "ಇಂತಾ?" ಎಂದ. ನೀನೋ ಎಂದು ಅರ್ಥವಂತೆ. ಎಂಥಾ ತಪ್ಪು ಎಂದು ಕೇಳುತ್ತಿದ್ದಾನೆಂದು ನಾನು ತಿಳಿದು, "ಹೂನ್ರಿ, ಇಂಥಾದ್ದ ಗಲ್ತಿ," ಎಂದು ತಲೆಯಾಡಿಸಿದೆ.

ಚಾಚಾ ಒಪ್ಪಲಿಲ್ಲ. ಅವನು ಮಾತು ಗೊತ್ತಿಲ್ಲದೆ ಏನೋ ಅನ್ನುತ್ತಿದ್ದಾನೆ, ಕೂಗಿದ್ದು ನಾನೇ ಎಂದು ಮತ್ತೆ ಎದೆ ಮುಟ್ಟಿಕೊಂಡರು. ನಾನು ಗಲ್ತಿ ಗಲ್ತಿ ಎಂದು ಎದೆ ಬಡಿದುಕೊಂಡೆ. ಒಂದು ಕೂಗಿಗೆ ಇಬ್ಬರು ಹಕ್ಕುದಾರರು! ಸಾಹೇಬ ಒಂದು ಗಳಿಗೆ ಯೋಚಿಸಿ ಕಣಿವೆಯ ಕಡೆ ಕೈ ತೋರಿಸಿದ. ಇಲ್ಲಿ ಹೊರಗೆ ಕೂಗಿ ತೋರಿಸಿರಿ, ಯಾರೆಂದು ಗೊತ್ತಾಗುತ್ತದೆ ಎಂದು ಆ ಕಾವಲುಗಾರ ಇಂಗ್ಲಿಷಿನಲ್ಲಿ ತಿಳಿಸಿದ.

ಮೊದಲು ಚಾಚಾ ಕೂಗಿದರು. ನಲವತ್ತು ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ಸವೆದ ಗಂಟಲು. ಹತ್ತಿರದ ಕತ್ತೆಯೂ ಕಿವಿ ಅಲುಗಿಸಲಿಲ್ಲ.

ಆಮೇಲೆ ನಾನು ಗುಡ್ಡಕ್ಕೆ ಎದುರಾಗಿ ನಿಂತು ಎದೆ ತುಂಬಿಕೊಂಡೆ.

"ಓಹೋಽಽ ಬಬಲೇಶ್ವರಾಽಽ!"

ಎದುರಿನ ಗುಡ್ಡ ಬಬಲೇಶ್ವರಾ ಎಂದಿತು! ಅದರ ಆಚೆಯ ಗುಡ್ಡ ಎಂದಿತು! ಇನ್ನೂ ದೂರದಲ್ಲಿ, ರಾಜರುಗಳೆಲ್ಲ ಮಲಗಿದ ಆ ಬೋಳು ಕಣಿವೆಯ ತುದಿಯಲ್ಲಿ ಯಾವುದೋ ಬಂಡೆ ಶ್ವರಾ ಎಂದಿತು! ಕತ್ತೆಗಳು ಹಗ್ಗ ಹರಿದುಕೊಂಡವು. ಕಿರುಚಿದ್ದ ಬಿಳಿಯ ಮುದುಕಿಯೇ ಮೊದಲು ಚಪ್ಪಾಳೆ ತಟ್ಟಿದಳು. ನನಗೆ ಕಣ್ಣಲ್ಲಿ ನೀರು ಬಂತು, ಹೆದರಿಕೆಯಿಂದಲೋ ಸಂತೋಷದಿಂದಲೋ ಹೇಳಲಾರೆ. ದಸ್ತಗೀರ ಬೆರಳು ಮಡಿಸಿ ಎಣಿಸುತ್ತಿದ್ದವನು, "ಮೂರ ಸಲ ಬಂತ್ರಿ ಗೌಡ್ರ," ಎಂದ. "ನಮ್ಮ ಗುಮ್ಮಟಕ್ಕಿಂತ ನಾಕ ಕಮ್ಮಿ."

ಸಾಹೇಬನ ತುಟಿ ಬಿಗಿಯಾಗಿಯೇ ಇತ್ತು, ಆದರೆ ಭುಜಗಳು ಕುಲುಕುತ್ತಿದ್ದವು. ನನ್ನ ಹೆಸರು ಬರೆದುಕೊಳ್ಳಲಿಲ್ಲ. ಇನ್ನು ಯಾವ ಗೋರಿಯೊಳಗೂ ಕಾಲಿಡಬಾರದು ಎಂದು ನಮ್ಮಿಬ್ಬರಿಗೆ ಕೈಸನ್ನೆಯಲ್ಲೇ ಶಿಕ್ಷೆ ವಿಧಿಸಿದ. ಆಮೇಲೆ ಬಿಲ್ಲೆಯನ್ನು ಚಾಚಾರಿಗೆ ಕೊಡಲಿಲ್ಲ, ನನ್ನ ಅಂಗೈಯಲ್ಲಿಟ್ಟು ಚಾಚಾರ ಎದೆ ತೋರಿಸಿದ. ತೆಗೆಸಿದವನು ನೀನು, ಹಾಕುವವನೂ ನೀನೇ ಎಂಬಂತೆ.

ನನ್ನ ಬೆರಳು ಹತ್ತಿಯ ಎಳೆ ಹಿಡಿದ ಬೆರಳು, ಆದರೂ ಆ ಪಿನ್ನು ಹಿಡಿಯಲು ಬರಲಿಲ್ಲ. ಒಮ್ಮೆ ಬಟ್ಟೆಗೆ, ಒಮ್ಮೆ ನನಗೆ, ಒಮ್ಮೆ ಚಾಚಾರಿಗೆ ಚುಚ್ಚಿ ಕಡೆಗೆ ಕೂಡಿಸಿದೆ. ಸುತ್ತಲಿದ್ದ ಗೈಡುಗಳು, ಕಾವಲುಗಾರರು ಎಲ್ಲ ಗೊಳ್ಳೆಂದು ನಕ್ಕರು. ಬಿಲ್ಲೆಯ ಮೇಲೆ ಕೊರೆದ ಚಾಚಾರ ನಂಬರು ಎಪ್ಪತ್ತೇಳು. ಅಲ್ಲಿಯ ಅಂಕಿಯಲ್ಲಿ ಏಳನ್ನು ತಲೆಕೆಳಗು ಮಾಡಿದರೆ ಎಂಟಾಗುತ್ತದೆ. ಓದಲು ಬಾರದ ನಾನು ಬಿಲ್ಲೆಯನ್ನು ಉಲ್ಟಾ ಚುಚ್ಚಿ ಅವರನ್ನು ಎಂಬತ್ತೆಂಟನೆಯವರನ್ನಾಗಿ ಮಾಡಿದ್ದೆ. ನಿಜವಾದ ಎಂಬತ್ತೆಂಟನೆಯ ನಂಬರಿನ ಗೈಡು ಅಲ್ಲಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಚಾಚಾ ಗದ್ದ ಎದೆಗಾನಿಸಿ ಬಿಲ್ಲೆ ನೋಡಿಕೊಂಡರು. ನನ್ನ ಕಡೆ ಹುಬ್ಬು ಹಾರಿಸಿ ಮೀಸೆಯಲ್ಲೇ ಕೇಳಿದರು:

"ಗಲತೀ?"

"ಅಲ್ರಿ ಚಾಚಾ," ಎಂದೆ. "ನಿಮ್ದಲ್ಲ. ನಂದ."

ಈ ಸಲ ಆ ಮಾತು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಬಿಲ್ಲೆ ಬಿಚ್ಚಿ, ತಿರುಗಿಸಿ, ಅವರ ಎದೆಯ ಮೇಲೆ ನೆಟ್ಟಗೆ ಚುಚ್ಚಿ, ನನ್ನ ಅಂಗಿಯ ತೋಳಿನಿಂದ ಒಮ್ಮೆ ಉಜ್ಜಿದೆ.